ಆಯ್ತಮ್ಮನ ಕ್ಯಾಮೆರಾ

ನನ್ನ ವಾರಗಿತ್ತಿಗೆ ಅಪ್ಪ ಅಮ್ಮ ಇಟ್ಟ ಹೆಸರು ಚೆನ್ನಾಗಿಯೇ ಇದೆ. ಆದರೆ ಆ ಹೆಸರು ಹಿಡಿದು ಬೀದಿಯಲ್ಲಿ ಕೇಳಿದರೆ ಯಾರೂ ಅಂಗಡಿ ತೋರಿಸುವುದಿಲ್ಲ. ಆಯ್ತಮ್ಮನ ಫೋಟೋ ಅಂಗಡಿ ಎಲ್ಲಿ ಅನ್ನಿ, ಬೀಗದ ಕೈ ಮಾಡುವವನು ಅರ ಉಜ್ಜುತ್ತಲೇ ಹೆಬ್ಬೆಟ್ಟಿನಲ್ಲಿ ತೋರಿಸುತ್ತಾನೆ. ಅವನ ಪಕ್ಕದಲ್ಲೇ, ಹಲ್ಲಿನ ಡಾಕ್ಟರ ಮೆಟ್ಟಿಲ ಕೆಳಗೆ.

ಮೆಟ್ಟಿಲ ಕೆಳಗೆ ಅಂದರೆ ನಿಜವಾಗಿಯೂ ಮೆಟ್ಟಿಲ ಕೆಳಗೇ. ಬಾಗಿಲ ಹತ್ತಿರ ಎತ್ತರ ಇದೆ, ಒಳಗೆ ಹೋದಷ್ಟೂ ಸೂರು ತಗ್ಗುತ್ತದೆ. ತೀರಾ ತಗ್ಗಿರುವ ಮೂಲೆಯಲ್ಲಿ ನಾನು ಕೂತಿರುತ್ತೇನೆ, ಕುಳ್ಳಿ ಅನ್ನುವ ಕಾರಣಕ್ಕೆ. ಹಾಳೆಯಲ್ಲಿ ಬಂದ ಫೋಟೋಗಳನ್ನು ಕತ್ತರಿಸಿ ಕವರಿಗೆ ಹಾಕುವುದು ನನ್ನ ಕೆಲಸ. ನನ್ನ ಎದುರಿಗೆ ಒಂದು ಬಿಳಿ ಬಟ್ಟೆ, ಎರಡು ದೀಪ, ತಿರುಗುವ ಸ್ಟೂಲು. ಗೋಡೆಗೆ ಕನ್ನಡಿ, ಕನ್ನಡಿಗೆ ದಾರ, ದಾರಕ್ಕೆ ಬಾಚಣಿಗೆ. ದಾರ ಕಟ್ಟುವ ಮುಂಚೆ ಮೂರು ಬಾಚಣಿಗೆ ಕಾಲು ಬಂದು ನಡೆದುಹೋದವು.

ಅಂಗಡಿ ಮೊದಲು ನನ್ನ ಮೈದುನನದು. ಅವನು ಹೋದ ಮೇಲೆ ಇವಳು ಕ್ಯಾಮೆರಾ ಹಿಡಿದಳು. ಇದೇ ಡಿಜಿಟಲ್ ಕ್ಯಾಮೆರಾ, ಅವನು ಕೊನೆಗಾಲದಲ್ಲಿ ಕೊಂಡದ್ದು, ಈಗ ಹದಿನೆಂಟು ವರ್ಷ ಆಯಿತು. ಗಂಡನ ನೆನಪಿಗೆ ಇಟ್ಟುಕೊಂಡಿದ್ದಾಳೆ ಅಂತ ಜನ ಮರುಗುತ್ತಾರೆ. ಅವಳೇ ಹೇಳುತ್ತಾಳೆ: "ಅಯ್ಯೋ ಸುಮ್ನಿರಿ. ಅವರ ಕೈಲಿದ್ದಾಗ ಇದು ಎಲ್ಲರನ್ನೂ ಕಳ್ಳರ ಥರಾನೇ ತೆಗೀತಿತ್ತು. 'ನಗಿ, ನಗಿ' ಅಂತ ಗದರಿಸೋರು. ಗದರಿಸಿದ್ರೆ ಯಾರು ನಗ್ತಾರೆ?"

ಇವಳ ರೀತಿಯೇ ಬೇರೆ. ಯಾರೇ ಬರಲಿ, ಸ್ಟೂಲಿನ ಮೇಲೆ ಕೂರಿಸಿ, ಗದ್ದ ಒಂದಿಷ್ಟು ಎತ್ತಿಸಿ, ಬಟನ್ ಒತ್ತಿ "ಆಯ್ತು!" ಅನ್ನುತ್ತಾಳೆ. ಅಷ್ಟೇ. ಆ ಫೋಟೋದಲ್ಲಿ ಮುಖ ಹೇಗೆ ಬರುತ್ತಿತ್ತು ಅಂದರೆ, ಮನೆಯಲ್ಲಿ ಬಾಗಿಲು ತೆಗೆದು ನಮ್ಮನ್ನು ಕಂಡಾಗ ಇರುತ್ತದಲ್ಲ, ಹಾಗೆ. ಬ್ಯಾಂಕಿಗೆ ಬೇಕು ಅಂತ ತೆಗೆಸಿದ ಫೋಟೋವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿಕೊಂಡವರಿದ್ದಾರೆ. "ನಿಮ್ಮ ಕೈಗುಣ ಆಯ್ತಮ್ಮ" ಅನ್ನುತ್ತಾರೆ. ಇವಳು ಕ್ಯಾಮೆರಾದ ಬೆನ್ನು ತಟ್ಟಿ, "ನಂದೇನಿದೆ, ಇದರ ಕಣ್ಣು ಒಳ್ಳೇದು" ಅನ್ನುತ್ತಿದ್ದಳು. ಹಾಗಂತ ನಂಬಿಯೂ ಇದ್ದಳು.

ಆ ಕಣ್ಣು ಒಂದು ಬೆಳಿಗ್ಗೆ ಹೊರಗೆ ಬಂದದ್ದು ಒಳಗೆ ಹೋಗಲಿಲ್ಲ. ಕರ್ ಕರ್ ಅಂದಿತು, ಅರ್ಧಕ್ಕೆ ನಿಂತಿತು, ಲೆನ್ಸ್ ಎರರ್ ಅಂತ ಬರೆದು ತೋರಿಸಿ ಕತ್ತಲಾಯಿತು. ಬಸ್ ಡಿಪೋದವರ ಗುರುತಿನ ಚೀಟಿಯ ಫೋಟೋ ತೆಗೆಯಲು ಇನ್ನು ಒಂಬತ್ತೇ ದಿನ ಇತ್ತು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು, ಗುಡಿಸುವವರು ಸೇರಿ ನೂರಿಪ್ಪತ್ತು ಜನ. ಹೊಸ ಮ್ಯಾನೇಜರು, ಆಫೀಸಿನವರೇ ಮೊಬೈಲಿನಲ್ಲಿ ತೆಗೆದರೆ ಸಾಲದೇ ಅಂದಿದ್ದರಂತೆ. ಡಿಪೋದವರು ಒಪ್ಪಿರಲಿಲ್ಲ. ಮೂರು ವರ್ಷ ಕುತ್ತಿಗೆಗೆ ನೇತು ಹಾಕಿಕೊಳ್ಳುವ ಮುಖ, ಆಯ್ತಮ್ಮನೇ ಬರಬೇಕು ಅಂತ ಹಟ ಹಿಡಿದು ಕರೆಸಿದ್ದರು.

ಹಿಂದಿನ ಬೀದಿಯ ರಿಪೇರಿಯವನ ಹತ್ತಿರ ನಾವಿಬ್ಬರೂ ಹೋದೆವು. ಕೈಗಡಿಯಾರ, ರೇಡಿಯೋ, ಕ್ಯಾಮೆರಾ ಏನನ್ನಾದರೂ ಬಿಚ್ಚುತ್ತಾನೆ. ಒಂದು ಕಣ್ಣಿಗೆ ಸದಾ ಭೂತಗನ್ನಡಿ ಸಿಕ್ಕಿಸಿಕೊಂಡಿರುವುದರಿಂದ ಇವಳು ಅವನನ್ನು ಒಂಟಿಗಣ್ಣ ಅನ್ನುತ್ತಾಳೆ, ಮುಖದ ಮೇಲೇ. ಅವನು ಕ್ಯಾಮೆರಾ ಬಿಚ್ಚಿ ನೋಡಿ ನಾಲಿಗೆ ಲೊಚಗುಟ್ಟಿಸಿದ.

"ಅಕ್ಕಾ, ಒಳಗಿನ ಹಲ್ಲುಚಕ್ರ ಸವೆದು ಹೋಗಿದೆ. ಇದನ್ನ ಈಗ ಯಾರೂ ಮಾಡಲ್ಲ. ಇದೇ ಜಾತೀದು ಸತ್ತ ಕ್ಯಾಮೆರಾ ಎಲ್ಲಾದ್ರೂ ಸಿಕ್ಕಿದ್ರೆ ಅದರದ್ದು ಕಿತ್ತು ಹಾಕ್ಬೋದು. ಸಿಗೋದು ಯಾವಾಗ್ಲೋ. ಹೊಸದು ತಗೊಳ್ಳೋದು ವಾಸಿ."

"ಹೊಸದು ತಗೊಳ್ಳೋಕೆ ನಿನ್ನ ಹತ್ರ ಯಾಕಪ್ಪ ಬರ್ಬೇಕಿತ್ತು? ಹುಡುಕು."

"ಹುಡುಕ್ತೀನಿ. ಸಿಕ್ಕಿದ್ರೂ ಒಂದು ವರ್ಷವೋ ಎರಡು ವರ್ಷವೋ. ಅದಕ್ಕೂ ವಯಸ್ಸಾಯ್ತು."

"ವಯಸ್ಸಾದೋರನ್ನೆಲ್ಲ ಬದಲಾಯಿಸ್ತಾ ಹೋದ್ರೆ ಮೊದ್ಲು ನಮ್ಮಕ್ಕನ್ನ ಬದಲಾಯಿಸ್ಬೇಕು" ಅಂತ ನನ್ನ ಕಡೆ ಕೈ ತೋರಿಸಿದಳು. ಒಂಟಿಗಣ್ಣ ಇನ್ನೊಂದು ಕಣ್ಣಲ್ಲಿ ನಕ್ಕ.

ಅವಳ ಸೊಸೆ ಹಲ್ಲಿನ ಡಾಕ್ಟರ ಹತ್ತಿರವೇ ಮಹಡಿಯ ಮೇಲೆ ಚೀಟಿ ಬರೆಯುತ್ತಾಳೆ. ಒಳ್ಳೆಯ ಹುಡುಗಿ, ಕೆಲಸದಲ್ಲಿ ಚುರುಕು, ಆದರೆ ಹನ್ನೊಂದು ವರ್ಷದಲ್ಲಿ ಅತ್ತೆಯ ಯಾವ ಮಾತಿಗೂ "ಆಯ್ತು" ಅಂದವಳಲ್ಲ. "ನೋಡೋಣ ಅತ್ತೆ" ಅನ್ನುತ್ತಾಳೆ. ಹಾಲು ಇಳಿಸು ಅಂದರೂ ನೋಡೋಣ, ಬಾಗಿಲು ಹಾಕು ಅಂದರೂ ನೋಡೋಣ. ಹಾಲನ್ನೂ ಇಳಿಸುತ್ತಾಳೆ, ಬಾಗಿಲನ್ನೂ ಹಾಕುತ್ತಾಳೆ, ಅದು ಬೇರೆ ಮಾತು. "ಊರಿಗೆಲ್ಲ ನಾನು ಆಯ್ತು ಅಂತೀನಿ, ನಂಗೊಬ್ಬರು ಅನ್ನೋರಿಲ್ಲ" ಅಂತ ಇವಳ ದೂರು. ಕ್ಯಾಮೆರಾ ಕೆಟ್ಟ ಮೂರನೇ ದಿನ ಸೊಸೆ ಹೇಳದೆ ಕೇಳದೆ ಹೋಗಿ ಹೊಸ ಕ್ಯಾಮೆರಾ ತಂದು ಮೇಜಿನ ಮೇಲಿಟ್ಟಳು.

"ಅತ್ತೆ, ಇದು ಕಣ್ಣು ಮಿಟುಕಿಸೋದ್ರೊಳಗೆ ಹತ್ತು ತೆಗೆಯುತ್ತೆ."

"ಒಂದು ಮುಖಕ್ಕೆ ಹತ್ತು ಯಾಕಮ್ಮ? ರಾವಣನಾ?"

ಬೈದರೂ ಹಿಡಿದಳು. ಬೇರೆ ದಾರಿ ಇರಲಿಲ್ಲ.

ಮೊದಲು ಬಂದವಳು ಒಬ್ಬ ಟೀಚರು. ಹಳೆಯ ಗಿರಾಕಿ. ಫೋಟೋ ನೋಡಿ ಮೆಲ್ಲಗೆ, "ಆಯ್ತಮ್ಮ, ನಾನು ಯಾವುದೋ ಕೆಟ್ಟ ವಾಸನೆ ಮೂಸಿದ ಹಾಗಿದೀನಲ್ಲ" ಅಂದಳು. ಲಾರಿ ಡ್ರೈವರೊಬ್ಬ ಬಂದ. "ಯಾರ ಮೇಲೋ ಕೇಸ್ ಹಾಕೋಕೆ ಹೊರಟಿರೋ ಥರ ಇದೀನಿ" ಅಂತ ತನ್ನ ಫೋಟೋಗೆ ತಾನೇ ಹೆದರಿದ. ಕೆಲಸಕ್ಕೆ ಅರ್ಜಿ ಹಾಕುವ ಒಬ್ಬ ಹುಡುಗಿ ಎರಡು ಸಲ ತೆಗೆಸಿ, ಎರಡೂ ಬೇಡ ಅಂತ ಅಲ್ಲೇ ಬಿಟ್ಟುಹೋದಳು. ಫೋಟೋ ಬಿಟ್ಟುಹೋಗುವುದು ಆ ಅಂಗಡಿಯಲ್ಲಿ ನಾನು ಕಂಡದ್ದು ಅದೇ ಮೊದಲು. ಬಣ್ಣ ಚೆನ್ನಾಗಿತ್ತು, ರೆಪ್ಪೆಯ ಒಂದೊಂದು ಕೂದಲೂ ಎಣಿಸಬಹುದಿತ್ತು. ಮುಖ ಮಾತ್ರ ಅವರದ್ದಾಗಿರಲಿಲ್ಲ.

"ಇದಕ್ಕೆ ಕಣ್ಣಿದೆ, ನೋಟ ಇಲ್ಲ" ಅಂದಳು ಇವಳು.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ" ಅಂತ ಸೊಸೆಯ ಬಾಯಿಂದ ಬಂದುಬಿಟ್ಟಿತು. ಆಮೇಲೆ ಅವಳೇ ನಾಲಿಗೆ ಕಚ್ಚಿಕೊಂಡಳು.

ಇವಳು ತಿರುಗಿ ಜಗಳ ಆಡಿದ್ದರೆ ನನಗೆ ನೆಮ್ಮದಿ ಆಗುತ್ತಿತ್ತು. ಆಡಲಿಲ್ಲ. ಸ್ಟೂಲಿನ ಮೇಲೆ ತಾನೇ ಕೂತಳು. "ಅಕ್ಕ, ಅವಳು ಹೇಳೋದೇ ಸರಿ ಇರ್ಬೇಕು. ಕ್ಯಾಮೆರಾ ಅಲ್ಲ, ನನ್ನ ಕೈಯೇ ಹೋಗಿದೆ. ಡಿಪೋದವ್ರು ನನ್ನ ನಂಬಿ ಮ್ಯಾನೇಜರ ಹತ್ರ ಜಗಳ ಆಡಿದಾರೆ. ಅವರ ಮುಖ ಕೆಡಿಸಿದ್ರೆ ಅದೇ ಕೊನೆ. ಆಮೇಲೆ ಈ ಬಾಗಿಲು ತೆಗೆಯಲ್ಲ" ಅಂದಳು. ಅವಳು ಬಾಯಿಮಾತಿಗೆ ಹೇಳುವವಳಲ್ಲ. ಬಿಳಿ ಬಟ್ಟೆ ಮಡಚುವಾಗ ಮಾಮೂಲಿಗಿಂತ ಸಣ್ಣದಾಗಿ ಮಡಚಿದಳು, ಪೆಟ್ಟಿಗೆಗೆ ಹಾಕಿ ಇಡುವವರ ಹಾಗೆ.

ನನಗೆ ಎರಡು ದಿನದಿಂದ ಏನೋ ತಪ್ಪಿದೆ ಅನ್ನಿಸುತ್ತಲೇ ಇತ್ತು. ಏನು ಅಂತ ತಿಳಿಯುತ್ತಿರಲಿಲ್ಲ. ಕತ್ತರಿಸುವಾಗ ನನ್ನ ಕಣ್ಣು ಹಾಳೆಯ ಮೇಲೆ ಇರುತ್ತದೆ, ಕಿವಿ ಮಾತ್ರ ಅಂಗಡಿಯಲ್ಲಿರುತ್ತದೆ. ಹದಿನೆಂಟು ವರ್ಷ ನಾನು ಫೋಟೋ ತೆಗೆಯುವುದನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಮಾರನೇ ದಿನ ಒಬ್ಬರು ಮುದುಕರು ಬಂದು ಕೂತರು. ಅವಳು "ಆಯ್ತು!" ಅಂದಳು. ಆಗ ನನ್ನ ಕತ್ತರಿ ನಿಂತಿತು.

ಮೊದಲೆಲ್ಲ ಹೀಗಿತ್ತು. "ಆಯ್ತು" ಅನ್ನುವ ಮಾತು. ಆಮೇಲೆ ಕೂತವರು ಉಸಿರು ಬಿಡುವ ಸದ್ದು. ಆಮೇಲೆ ಟಿಕ್ ಅನ್ನುವ ಕ್ಯಾಮೆರಾ. ಕೊನೆಗೆ ಸ್ಟೂಲು ಕಿರುಗುಟ್ಟುವುದು. ಈಗ ಟಿಕ್ ಮುಂದೆ ಬಂದು ಕೂತಿತ್ತು. ಟಿಕ್ಕೂ "ಆಯ್ತು"ವೂ ಒಟ್ಟಿಗೇ, ಉಸಿರು ಅವೆರಡೂ ಮುಗಿದ ಮೇಲೆ.

ಮುದುಕರು ಹೋಗಲಿ ಅಂತ ಕಾದು ಹೇಳಿದೆ. "ನೋಡೇ, ಹಳೇ ಕ್ಯಾಮೆರಾ ಸೋಮಾರಿ. ನೀನು ಬಟನ್ ಒತ್ತಿ ಆಯ್ತು ಅಂದ್ಮೇಲೆ ಅದು ಅರ್ಧ ಉಸಿರು ತಡ ಮಾಡಿ ತೆಗೀತಿತ್ತು. ಅಷ್ಟರಲ್ಲಿ ಜನ, ಅಬ್ಬ ಮುಗೀತಲ್ಲ ಅಂತ ಮುಖ ಸಡಿಲ ಬಿಡೋರು. ಆ ಸಡಿಲ ಮುಖ ಫೋಟೋಗೆ ಬರ್ತಿತ್ತು. ಹೊಸದಕ್ಕೆ ಆ ಸೋಮಾರಿತನ ಇಲ್ಲ. ಬಿಗಿದ ಮುಖಾನೇ ಹಿಡಿಯುತ್ತೆ. ಹಳೇದನ್ನೇ ನಿನ್ನ ಗಂಡ ಹಿಡಿದಾಗ ಕಳ್ಳರ ಥರ ಬರ್ತಿತ್ತು ಅಂತೀಯಲ್ಲ, ಅವನು ಆಯ್ತು ಅಂತಿರ್ಲಿಲ್ಲ, ಅಷ್ಟೇ."

ಅವಳು ಸಂತೋಷ ಪಡುತ್ತಾಳೆ ಅಂದುಕೊಂಡಿದ್ದೆ.

"ಅಂದ್ರೆ ಅಕ್ಕ, ಹದಿನೆಂಟು ವರ್ಷ ನಾನು ಜನಕ್ಕೆ ಸುಳ್ಳು ಹೇಳ್ಕೊಂಡು ಬಂದೆ ಅಂತೀಯ?"

"ಸುಳ್ಳು ಯಾಕಾಗುತ್ತೆ?"

"ಆಯ್ತು ಅಂದಾಗ ಆಗಿರ್ಲಿಲ್ವಲ್ಲ!"

ಮೇಲಿಂದ ಇಳಿದು ಬಂದಿದ್ದ ಸೊಸೆ ನಕ್ಕೂ ನಕ್ಕೂ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ನಮ್ಮ ಡಾಕ್ಟ್ರೂ ಹಾಗೇ ಅತ್ತೆ. ಆಯ್ತು ಆಯ್ತು ಅಂತಲೇ ಹಲ್ಲು ಕೀಳೋದು. ಯಾರೂ ಸುಳ್ಳ ಅನ್ನಲ್ಲ."

ಕಾರಣ ಗೊತ್ತಾದರೆ ಕೆಲಸ ಸಲೀಸು ಅಂದುಕೊಂಡಿರಾ? ಇಲ್ಲ. ಮೊದಲು ಮಾತು ಆಡು, ಆಮೇಲೆ ಒತ್ತು ಅಂದೆವು. ಅವಳ ನಾಲಿಗೆಗೂ ಬೆರಳಿಗೂ ಗಂಟು ಬಿದ್ದುಹೋಗಿತ್ತು. "ಆ" ಅನ್ನುವಷ್ಟರಲ್ಲಿ ಬೆರಳು ಒತ್ತಿಬಿಡುತ್ತಿತ್ತು. ನಾಲಿಗೆ ತಡೆದರೆ ಬೆರಳೂ ನಿಲ್ಲುತ್ತಿತ್ತು. ಜೋಡೆತ್ತಿನಲ್ಲಿ ಒಂದನ್ನು ಮಾತ್ರ ನಡೆ ಅಂದ ಹಾಗೆ. ನನ್ನನ್ನೇ ಸ್ಟೂಲಿನ ಮೇಲೆ ಕೂರಿಸಿ ಒಂದು ದಿನವೆಲ್ಲ ಅಭ್ಯಾಸ ಮಾಡಿದಳು. ಆ ಫೋಟೋಗಳನ್ನು ನೋಡುವ ತನಕ, ಅಷ್ಟು ಬಗೆಯಲ್ಲಿ ನಾನು ಸಿಡುಕಿ ಅಂತ ನನಗೇ ಗೊತ್ತಿರಲಿಲ್ಲ.

ಸೊಸೆ ಒಂದು ಉಪಾಯ ತಂದಳು. ಬಟನ್ ಒತ್ತಿದ ಮೇಲೆ ಎರಡು ಸೆಕೆಂಡು ಕಾದು ತೆಗೆಯುವ ಹಾಗೆ ಹೊಸ ಕ್ಯಾಮೆರಾಕ್ಕೆ ಹೇಳಿಕೊಡಬಹುದಂತೆ. ಹೇಳಿಕೊಟ್ಟಳು. ಎರಡು ಸೆಕೆಂಡಿಗೆ, ಬ್ಯಾಂಕಿನ ಫೋಟೋಗೆ ಕೂತಿದ್ದ ಬೀಗದ ಕೈಯವನು ಆಯ್ತು ಅಂತ ಎದ್ದೇ ನಿಂತುಬಿಟ್ಟಿದ್ದ. ಫೋಟೋದಲ್ಲಿ ಬಂದದ್ದು ಅವನ ಅಂಗಿಯ ಮೂರು ಗುಂಡಿ. "ಈ ಗುಂಡಿ ನೋಡಿ ಬ್ಯಾಂಕಿನವ್ರು ನನ್ನ ಗುರುತು ಹಿಡೀತಾರಾ?" ಅಂದ ಅವನು. ಹಳೆಯದರ ಅರ್ಧ ಉಸಿರಿನ ಸೋಮಾರಿತನ ಹೊಸದರಲ್ಲಿ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಒಂಟಿಗಣ್ಣನಿಗೆ ಸತ್ತ ಕ್ಯಾಮೆರಾ ಸಿಗಲಿಲ್ಲ. ಡಿಪೋ ದಿನ ಬಂದುಬಿಟ್ಟಿತು.

ಡಿಪೋದ ಊಟದ ಕೋಣೆಯಲ್ಲಿ ಉದ್ದನೆ ಬೆಂಚು ಸರಿಸಿ ಜಾಗ ಮಾಡಿದ್ದರು. ಎಲ್ಲಿ ಮುಟ್ಟಿದರೂ ಡೀಸೆಲ್ ವಾಸನೆ. ಬಿಳಿ ಬಟ್ಟೆ ಕಟ್ಟಲು ಮೊಳೆ ಇರಲಿಲ್ಲ. ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಸೊಸೆ ಹಿಡಿದಳು, ಅವಳು ಅವತ್ತು ರಜೆ ಹಾಕಿ ಬಂದಿದ್ದಳು. ಮ್ಯಾನೇಜರು ಬಾಗಿಲಲ್ಲಿ ಕೈಕಟ್ಟಿ ನಿಂತರು.

ಮೊದಲ ಮೂರು ಜನರದ್ದು ಹಾಳಾಯಿತು. ಮಹಿಳಾ ಕಂಡಕ್ಟರೊಬ್ಬಳು ಚಿಲ್ಲರೆ ಇಲ್ಲದವನನ್ನು ನೋಡುವ ಹಾಗೆ ಬಂದಳು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಅದನ್ನು ನೋಡಿದ ಮ್ಯಾನೇಜರು ಗಡಿಯಾರ ನೋಡಿಕೊಂಡರು. ಇವಳ ಮೇಲ್ತುಟಿಯ ಮೇಲೆ ಬೆವರು. ನಾಲ್ಕನೆಯವನು ಒಬ್ಬ ಮೆಕ್ಯಾನಿಕ್ಕು, ದೊಡ್ಡ ಆಳು. ಗದ್ದ ಎತ್ತಪ್ಪ, ಸ್ವಲ್ಪ ಇಳಿಸಪ್ಪ, ಈ ಕಡೆ, ಅಲ್ಲ ಆ ಕಡೆ ಅಂತ ಇವಳು ಬಟನ್ ಒತ್ತಲು ಹೆದರಿ ಅವನನ್ನು ಗೋಳು ಹುಯ್ದುಕೊಳ್ಳತೊಡಗಿದಳು. ಬಟ್ಟೆ ಹಿಡಿದು ಕೈ ಸೋತಿದ್ದ ಸೊಸೆ ತಡೆಯಲಾರದೆ ಗದರಿದಳು:

"ಆಯ್ತು ಬಿಡಿ ಅತ್ತೆ, ಆಯ್ತು!"

ಸಾಕು ಮಾಡಿ ಅಂತ ಅವಳ ಅರ್ಥ. ಮೆಕ್ಯಾನಿಕ್ಕು, ಫೋಟೋ ಆಯ್ತು ಅಂದುಕೊಂಡ. ಭುಜ ಇಳಿಯಿತು, ಉಸಿರು ಬಿಟ್ಟ. ಸೊಸೆಯ ಬಾಯಲ್ಲಿ ಆ ಮಾತು ಕೇಳಿ ಬೆಚ್ಚಿದ ಇವಳ ಬೆರಳು ತಾನಾಗಿ ಒತ್ತಿಬಿಟ್ಟಿತು. ಟಿಕ್.

ನಾನು ನೋಡುವ ಮುಂಚೆಯೇ ಕೇಳಿದ್ದೆ. ಮಾತು, ಉಸಿರು, ಟಿಕ್, ಆಮೇಲೆ ಸ್ಟೂಲು. ಕ್ಯಾಮೆರಾದ ಹಿಂದೆ ನೋಡಿದರೆ ಆ ದೊಡ್ಡ ಆಳು ಮಗುವನ್ನು ಎತ್ತಿಕೊಳ್ಳಲು ಬಗ್ಗುವವನ ಹಾಗೆ ಕಾಣುತ್ತಿದ್ದ.

ಇವಳು ಸೊಸೆಯ ಕಡೆ ತಿರುಗಿದಳು. "ಇನ್ನೊಂದ್ಸಲ ಅನ್ನು."

"ಏನು?"

"ಈಗ ಅಂದ್ಯಲ್ಲ, ಅದೇ. ನೀನು ಅನ್ನು, ನಾನು ಕೇಳಿಸ್ಕೊಂಡು ಒತ್ತೀನಿ. ಕೇಳಿಸ್ಕೊಂಡ್ರೆ ನನ್ನ ಬೆರಳು ತಡ ಆಗುತ್ತೆ."

ಅಲ್ಲಿಂದ ಮುಂದೆ ಊಟದ ಹೊತ್ತಿನ ತನಕ, ಊಟ ಮುಗಿಸಿ ಸಂಜೆ ತನಕ, ಸೊಸೆ ಬಟ್ಟೆಯ ತುದಿ ಹಿಡಿದು "ಆಯ್ತು, ಆಯ್ತು" ಅಂದದ್ದೇ ಅಂದದ್ದು. ಸರದಿಯಲ್ಲಿ ನಿಂತವರಿಗೆ ತಮಾಷೆ ಗೊತ್ತಾಗಿ, "ಅಮ್ಮಾ, ಒಂದೇ ದಿನಕ್ಕೆ ಇಷ್ಟು ಆಯ್ತು ಅನ್ನೋ ಸೊಸೆ ನಮ್ಮನೇಲೂ ಬೇಕು" ಅಂತ ಒಬ್ಬ ಮುದುಕ ಡ್ರೈವರು ರೇಗಿಸಿದ. "ನಂಗಲ್ಲಪ್ಪ, ನಿಮಗೆ ಹೇಳ್ತಿರೋದು" ಅಂದಳು ಇವಳು. ನಗು ತಡೆದುಕೊಂಡ ಮುಖಗಳೂ ಸೇರಿ ನೂರಿಪ್ಪತ್ತೂ ಚೆನ್ನಾಗಿ ಬಂದವು. ಆ ಮೂರು ಜನರನ್ನು ಮತ್ತೆ ಕರೆದು ತೆಗೆದಳು. ಕೊನೆಗೆ ಮ್ಯಾನೇಜರು ತಮ್ಮದೂ ಒಂದು ತೆಗೆಯಿರಿ ಅಂತ ಕೂದಲು ಸವರಿಕೊಳ್ಳುತ್ತಾ ಬಂದು ಕೂತರು.

ಮಾರನೇ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅಂಗಡಿಯ ಬಾಗಿಲು ತೆಗೆದಿತ್ತು.

ಸೊಸೆಗೆ ದಿನಾ ರಜೆ ಸಿಗುವುದಿಲ್ಲ. ಇವಳೇ ಕಲಿಯಬೇಕಾಯಿತು. ಕೂತವರು ಉಸಿರು ಬಿಡುವುದನ್ನು ಕೇಳಿಸಿಕೊಂಡ ಮೇಲೆ ಒತ್ತು, ಅದಕ್ಕೆ ಮುಂಚೆ ಒತ್ತಬೇಡ ಅಂದೆ. ಮೊದಲ ವಾರ ಹತ್ತರಲ್ಲಿ ಆರು ತಪ್ಪಿತು, ತಿಂಗಳು ಕಳೆಯುವಷ್ಟರಲ್ಲಿ ಒಂದೋ ಎರಡೋ. ಈಗ ನಾನು ಮೂಲೆಯಿಂದ ಕೇಳಿದರೆ ಸದ್ದಿನ ಸಾಲು ಮೊದಲಿನ ಹಾಗೇ ಇದೆ.

ಹೀಗಿರುವಾಗ ಒಂದು ಮಧ್ಯಾಹ್ನ ಒಂಟಿಗಣ್ಣ ಬಾಗಿಲಿಗೆ ಬಂದ. ಇವಳು ಬೆನ್ನು ಹಾಕಿ ಯಾರದೋ ಫೋಟೋ ತೆಗೆಯುತ್ತಿದ್ದಳು.

"ಅಕ್ಕಾ, ಸತ್ತದ್ದೊಂದು ಸಿಕ್ತು. ಹಲ್ಲುಚಕ್ರ ಹಾಕಿ ರಿಪೇರಿ ಮಾಡಿಬಿಡ್ಲಾ?"

"ಆಯ್ತು!" ಅಂದಳು ಇವಳು, ಸ್ಟೂಲಿನ ಮೇಲಿದ್ದವರಿಗೆ.

ಅವನು ತಲೆಯಾಡಿಸಿ ಹೊರಟುಹೋದ. ನಾನು ಕೂಗಿ ಕರೆಯಬಹುದಿತ್ತು. ಬಾಯಲ್ಲಿ ಕವರು ಕಟ್ಟುವ ದಾರ ಇತ್ತು ಅಂತ ಇಟ್ಟುಕೊಳ್ಳಿ.

ನಾಲ್ಕು ದಿನಕ್ಕೆ ಹಳೆಯ ಕ್ಯಾಮೆರಾ ಮೈ ಒರೆಸಿಕೊಂಡು ಬಂದು ಮೇಜಿನ ಮೇಲೆ ಕೂತಿತು. "ನಾನೆಲ್ಲಿ ಮಾಡು ಅಂದೆ?" ಅಂತ ಇವಳು. "ನೀವೇ ಆಯ್ತು ಅಂದ್ರಲ್ಲ ಅಕ್ಕ!" ಅಂತ ಅವನು. ಸೊಸೆ ಮೆಟ್ಟಿಲ ಮೇಲಿಂದಲೇ, "ಕಂಡಕಂಡೋರಿಗೆಲ್ಲ ಆಯ್ತು ಅಂದ್ರೆ ಹೀಗೇ ಅತ್ತೆ" ಅಂದಳು. ರೇಗಾಡುತ್ತಲೇ ಇವಳು ಕ್ಯಾಮೆರಾವನ್ನು ಎರಡು ಕೈಯಲ್ಲೂ ಎತ್ತಿಕೊಂಡಳು. ಬಟನ್ ಸವೆದ ಜಾಗದಲ್ಲಿ ಬೆರಳು ಹೋಗಿ ಕೂತಿತು.

ಒಂಟಿಗಣ್ಣನನ್ನೇ ಕೂರಿಸಿದಳು. "ಆಯ್ತು" ಅಂದಳು, ಉಸಿರು ಕೇಳಿಸಿಕೊಂಡಳು, ಒತ್ತಿದಳು. ಕ್ಯಾಮೆರಾ ತನ್ನ ಅರ್ಧ ಉಸಿರು ತಡ ಮಾಡಿತು. ಅಷ್ಟರಲ್ಲಿ ಅವನು ಎದ್ದಾಗಿತ್ತು. ಬಂದದ್ದು ಒಂದು ಗದ್ದ, ಒಂದು ಜೇಬು. ಇನ್ನೊಮ್ಮೆ ತೆಗೆದಳು, ಮತ್ತೆ ಗದ್ದ. ಹಳೆಯ ಅಭ್ಯಾಸ ಹುಡುಕಿದಳು, ಸಿಗಲಿಲ್ಲ. ಅವಳು ನಗಲು ಶುರು ಮಾಡಿದ್ದು ಎಲ್ಲಿಗೆ ಹೋಯಿತು ಅಂದರೆ ಕಣ್ಣು ಒರೆಸಿಕೊಳ್ಳಲು ಸೆರಗು ಬೇಕಾಯಿತು.

"ಇದು ಸರಿಯಾಗೇ ಇದೆ ಅಕ್ಕ. ನಾನೇ ಬದಲಾಗಿಬಿಟ್ಟಿದೀನಿ" ಅಂದಳು. ಮತ್ತೆ ಸೊಸೆಯನ್ನು ಕೂಗಿದಳು. "ಬಾ ಇಲ್ಲಿ. ನಿಂಗಿನ್ನೂ ಯಾವ ಅಭ್ಯಾಸಾನೂ ಇಲ್ಲ. ಒತ್ತು, ಜೊತೆಗೇ ಆಯ್ತು ಅನ್ನು. ಮಿಕ್ಕಿದ್ದು ಅದು ನೋಡ್ಕೊಳ್ಳುತ್ತೆ."

ಸೊಸೆ ತೆಗೆದ ಫೋಟೋದಲ್ಲಿ ಒಂಟಿಗಣ್ಣ ಭೂತಗನ್ನಡಿ ತೆಗೆಯುವುದನ್ನು ಮರೆತಿದ್ದ. ಆದರೂ ಮುಖ ಅವನದ್ದೇ, ಎರಡೂ ಕಣ್ಣಲ್ಲಿ ನಗುತ್ತಿದ್ದ.

ಈಗ ಭಾನುವಾರ ಡಾಕ್ಟರಿಗೆ ರಜೆ. ಅವತ್ತು ಅಂಗಡಿ ಸೊಸೆಯದು, ಹಳೆಯ ಕ್ಯಾಮೆರಾ ಅವಳ ಕೈಯಲ್ಲಿ. ಇವಳು ನನ್ನ ಮೂಲೆಗೆ ಬಂದು, ಸೂರಿಗೆ ತಲೆ ತಾಗಿಸಿಕೊಂಡು, ಇನ್ನೊಂದು ಕತ್ತರಿ ಹಿಡಿದು ಕೂರುತ್ತಾಳೆ. ಕತ್ತರಿಸುವುದು ಅವಳಿಗೆ ಬರುವುದಿಲ್ಲ, ಒಬ್ಬರ ಕಿವಿ ಹೋಗುತ್ತದೆ, ಒಬ್ಬರ ಭುಜ ಡೊಂಕಾಗುತ್ತದೆ. ಕಣ್ಣೆಲ್ಲ ಸೊಸೆಯ ಮೇಲೇ ಇದ್ದರೆ ಇನ್ನೇನಾಗುತ್ತದೆ? ಇವಳು ನೀರು ಕುಡಿಯಲು ಎದ್ದಾಗ ಆ ಹಾಳೆ ತೆಗೆದಿಟ್ಟು, ಅದೇ ಫೋಟೋಗಳ ಬೇರೆ ಹಾಳೆ ಪ್ರಿಂಟ್ ಹಾಕಿಸಿ, ನಾನೇ ಕತ್ತರಿಸಿ ಕವರಿಗೆ ಹಾಕುತ್ತೇನೆ.